ಬೇಡ ಅಂದ ಮನೆ ಯಾವುದು

ಅವರ ಅಂಗಿಗಳ ಕಾಲರ್ ತಿರುಗಿಸಿ ಕೊಡುತ್ತಿದ್ದವಳು ನಾನು. ವಾಮದಪದವು ಪೇಟೆಯಲ್ಲಿ ಮಹಡಿಯ ಮೇಲೆ ನನ್ನ ಟೈಲರ್ ಅಂಗಡಿ. ರವಿಕೆ, ಚೂಡಿದಾರ, ಶಾಲೆಯ ಯೂನಿಫಾರ್ಮ್ ಬಿಟ್ಟು ಬೇರೇನೂ ಹೊಲಿಯುವುದಿಲ್ಲ ಎಂದು ಬೋರ್ಡಿನಲ್ಲೇ ಬರೆದಿದೆ. ಆದರೂ ಅವರು ವರ್ಷಕ್ಕೆರಡು ಸಲ ಪ್ಲಾಸ್ಟಿಕ್ ಚೀಲದಲ್ಲಿ ಬಿಳಿ ಅಂಗಿ ಮಡಚಿಟ್ಟುಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದರು. ಕುತ್ತಿಗೆ ಉಜ್ಜಿ ಉಜ್ಜಿ ಕಾಲರಿನ ಮಡಿಕೆ ಸವೆದು ನೂಲು ಎದ್ದಿರುತ್ತಿತ್ತು. ಅದನ್ನು ಬಿಚ್ಚಿ, ಮಗುಚಿ, ಸವೆದ ಬದಿ ಒಳಗೆ ಹೋಗುವ ಹಾಗೆ ಪುನಃ ಹೊಲಿದರೆ ಅಂಗಿಗೆ ಇನ್ನೊಂದು ವರ್ಷದ ಆಯುಷ್ಯ.

"ಪಕ್ಷದ ಲೀಡರು ಹೊಸ ಅಂಗಿ ಹಾಕ್ಬಾರ್ದಾ ಅಣ್ಣ?" ಎಂದು ಒಮ್ಮೆ ತಮಾಷೆ ಮಾಡಿದೆ.

"ಹೊಸ ಅಂಗಿಯಲ್ಲಿ ಹೋದ್ರೆ ಮನೆಯವ್ರು ಕುರ್ಚಿ ಒರೆಸ್ಲಿಕ್ಕೆ ಓಡ್ತಾರೆ ತಂಗಿ. ಮತ್ತೆ ಮಾತು ಕುರ್ಚಿಯದ್ದೇ ಆಗ್ತದೆ" ಎಂದರು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ನಮ್ಮ ಬದಿಯವರಿಗೆಲ್ಲ ಗೊತ್ತಾಗುತ್ತದೆ ಎಂದಲ್ಲ, ಬರೆಯದಿದ್ದರೂ ಗೊತ್ತಾಗುತ್ತದೆ. ನನ್ನ ಕೈಯಿಂದ ಅವರ ಹೆಸರು ಒಮ್ಮೆ ಒಂದು ಕಾಗದದಲ್ಲಿ ಬಿದ್ದು ಆದದ್ದು ಸಾಕು. ಊರಿಗೆಲ್ಲ ಅವರು ಅಣ್ಣ. ಬಂಟ್ವಾಳ ತಾಲೂಕು ಮುಗಿದು ಬೆಳ್ತಂಗಡಿಯೂ ಮೂಡುಬಿದಿರೆಯೂ ಹತ್ತಿರವಾಗುವ ಈ ಗುಡ್ಡದ ಬದಿಯಲ್ಲಿ ಇಪ್ಪತ್ತೈದು ವರ್ಷ ಪಕ್ಷ ಅಂದರೆ ಅವರು, ಅವರು ಅಂದರೆ ಪಕ್ಷ. ಸ್ವಲ್ಪ ರಬ್ಬರ್, ಒಂದಿಷ್ಟು ಗದ್ದೆ ಇತ್ತು. ಒಂದು ಅವಧಿಗೆ ಪಂಚಾಯತ್ ಅಧ್ಯಕ್ಷರಾಗಿದ್ದರು. ಅದಕ್ಕಿಂತ ಮೇಲಿನ ಕುರ್ಚಿಯಲ್ಲಿ ಅವರನ್ನು ಯಾರೂ ಕೂರಿಸಲಿಲ್ಲ, ಅವರು ಕೇಳಿದ್ದನ್ನೂ ನಾನು ಕಂಡಿಲ್ಲ.

ಮನೆ ಭೇಟಿಗೆ ಹೋದರೆ ಅಂಗಳಕ್ಕೆ ಕಾಲಿಡುವ ಮೊದಲೇ ಚಪ್ಪಲಿ ಬಿಡುತ್ತಿದ್ದರು, ಒಳಗೆ ಹೋಗಲಿಕ್ಕಿಲ್ಲದಿದ್ದರೂ. ಮೊದಲ ಸಲ ಹೋದಾಗ ಓಟು ಕೇಳುತ್ತಿರಲಿಲ್ಲ. ಬಾವಿಯಲ್ಲಿ ನೀರು ಎಷ್ಟು ಉಂಟು, ದನ ಕರು ಹಾಕಿತಾ, ಮಗಳಿಗೆ ಯಾವ ಕಾಲೇಜು, ಇಷ್ಟೇ. ಒಮ್ಮೆ ಪ್ರಚಾರದ ಜೀಪು ಮೈಕ್ ಹಾಕಿಕೊಂಡು ಒಂದು ಮನೆಯ ಎದುರು ಬಂದಾಗ ಅಡ್ಡ ನಿಂತು, "ಬಂದ್ ಮಾಡು ಮಾರಾಯ, ಇಲ್ಲಿ ಹುಡುಗಿ ಪರೀಕ್ಷೆಗೆ ಓದ್ತಾ ಉಂಟು" ಎಂದರು. ಅಭ್ಯರ್ಥಿ ಜೀಪಿನ ಮುಂದಿನ ಸೀಟಿನಲ್ಲೇ ಕುಳಿತಿದ್ದರು. ಅವರ ಮುಖ ಸಪ್ಪೆಯಾಯಿತು. ಆ ಮನೆ ಬೇರೆ ಪಕ್ಷದವರದ್ದೆಂದು ನಮಗೆಲ್ಲ ಗೊತ್ತಿತ್ತು.

ಯಾರಾದರೂ ಬೈಯಲು ಸುರು ಮಾಡಿದರೆ ಅವರದ್ದೊಂದು ಕ್ರಮ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಪುನಃ ಹಾಕಿಕೊಂಡು, "ಹಾಂ, ಈಗ ಹೇಳಿ" ಎನ್ನುವುದು. ಅಷ್ಟರಲ್ಲಿ ಬೈಯುವವರಿಗೇ ನಗು ಬರುತ್ತಿತ್ತು. ನನ್ನನ್ನು ಮೊದಲ ಸಲ ಮನೆ ಭೇಟಿಗೆ ಕರೆದುಕೊಂಡು ಹೋದದ್ದು ದೇಜಪ್ಪಣ್ಣನ ಮನೆಗೆ. ದೇಜಪ್ಪಣ್ಣ ಅಂದರೆ ಊರಿಗೇ ದೊಡ್ಡ ಬಾಯಿ.

"ಐದು ವರ್ಷ ಎಲ್ಲಿ ಸತ್ತು ಹೋಗಿದ್ರಿ ಮಾರಾಯ್ರೆ? ಈಗ ಬ್ಲೌಸ್ ಹೊಲಿಯುವವಳನ್ನು ಬೇರೆ ಕಟ್ಕೊಂಡು ಬಂದಿದ್ದೀರಿ. ನನ್ನ ಅಳತೆ ತೆಗೀಲಿಕ್ಕುಂಟಾ?"

ನಾನು ನೆಲ ನೋಡುತ್ತಾ ನಿಂತೆ. ಅಣ್ಣ ಕನ್ನಡಕ ಒರೆಸಿದರು. "ನಿಮ್ಮ ಅಳತೆ ಊರಿಗೇ ಗೊತ್ತುಂಟು ದೇಜಪ್ಪ, ತೆಗೀಬೇಕಂತ ಇಲ್ಲ. ಮತ್ತೆ ಹೇಳಿ, ರಸ್ತೆಯದ್ದಾ, ನೀರಿನದ್ದಾ?" ಅರ್ಧ ಗಂಟೆ ಬೈಸಿಕೊಂಡು, ಚಹಾ ಕುಡಿದು ಹೊರಟೆವು. ಗುಡ್ಡ ಇಳಿಯುವಾಗ ಹೇಳಿದರು: "ಹೊಗಳಿದವರ ಮನೆಗೆ ಓಟು ಮುಗಿದ ಮೇಲೆ ಹೋದ್ರೂ ನಡೀತದೆ ತಂಗಿ. ಬೈದವರ ಮನೆಗೆ ನಾಳೆಯೇ ಇನ್ನೊಮ್ಮೆ ಹೋಗ್ಬೇಕು. ಅವರಿಗೆ ನಮ್ಮ ಹತ್ರ ಏನೋ ಬಾಕಿ ಉಂಟು." ಮರುದಿನ ಹೋದರು ಕೂಡ.

ಹೀಗೆ ಹೊಲಿಗೆಯ ಮಧ್ಯೆ ನಾನು ಬೂತ್ ಸಮಿತಿಯ ಹೆಂಗಸಾದೆ. ಬೂತಿನಲ್ಲಿ ನಮ್ಮ ಬದಿಯ ಮೂವತ್ತೊಂದು ಮನೆ ನನ್ನ ಪಾಲಿಗೆ. ಅದೇ ಬೂತಿನ ಇನ್ನೊಂದು ಬದಿಯಲ್ಲಿ ಅಣ್ಣನ ಮನೆ. ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರಿಗೆ ಸಕ್ಕರೆ ಹಾಕದ ಚಹಾ, ಯಾವ ಮನೆಯಲ್ಲಿ ಅಣ್ಣತಮ್ಮಂದಿರಿಗೆ ಮಾತಿಲ್ಲ, ಎಲ್ಲ ತಿಳಿದಿತ್ತು. ಪಂಚಾಯತ್ ಸೀಟು ಹೆಂಗಸರಿಗೆ ಬಂದಾಗ ಒಂದಿಬ್ಬರು ನನ್ನ ಹೆಸರು ಹೇಳಿದರು. ಅಣ್ಣ ಎಲ್ಲರೆದುರು, "ಇವಳು ಕೆಲಸಕ್ಕೆ ಬಂಗಾರ. ಆದ್ರೆ ಮುಖ ನೋಡಿ ಆಗುದಿಲ್ಲ ಅಂತ ಹೇಳ್ಲಿಕ್ಕೆ ಇವಳಿಗೆ ಬರುದಿಲ್ಲ. ಮೆಂಬರಿಗೆ ಅದು ಬೇಕು. ಇನ್ನೊಂದು ಸಲ ಆಗ್ಲಿ" ಎಂದರು. ನಗುತ್ತಾ ಹೇಳಿದ ಮಾತು. ಅವರು ಅಲ್ಲಿಯೇ ಮರೆತಿರಬೇಕು. ನಾನು ಮರೆಯಲಿಲ್ಲ. ಅನಂತರವೂ ಕಾಲರ್ ತಿರುಗಿಸಿ ಕೊಟ್ಟೆ, ಮನೆ ಮನೆಗೂ ಹೋದೆ, ಆದರೆ ಆ ಮಾತು ಒಳಗೆ ಒಂದು ಕಡೆ ಮುರಿದ ಸೂಜಿಯ ಹಾಗೆ ಕುಳಿತುಬಿಟ್ಟಿತು.

ಅವರನ್ನು ಪಕ್ಷದಿಂದ ಹೊರಗೆ ಹಾಕಿದ್ದು ಹಿಂದಿನ ವಿಧಾನಸಭೆ ಚುನಾವಣೆಯಲ್ಲಿ. ಊರಿನ ಮುಖ ನೋಡದವರಿಗೆ ಟಿಕೆಟ್ ಕೊಟ್ಟರೆ ನಾನು ಯಾವ ಬಾಯಿಯಲ್ಲಿ ಓಟು ಕೇಳಲಿ ಎಂದು ಬಿ.ಸಿ.ರೋಡಿನ ಸಭೆಯಲ್ಲಿ ವೇದಿಕೆಯ ಮೇಲೆಯೇ ಕೇಳಿದರು. ಕೇಳಿ ಬಿಡಲಿಲ್ಲ, ಪಕ್ಷೇತರನಾಗಿ ನಿಂತ ಒಬ್ಬರ ಪರವಾಗಿ ತಿರುಗಿದರು. ಆರು ವರ್ಷ ಉಚ್ಚಾಟನೆ ಎಂಬ ಕಾಗದ ನಮ್ಮ ಬೂತಿನ ವಾಟ್ಸ್ಯಾಪ್ ಗುಂಪಿಗೆ ಬಂತು. ಒಬ್ಬೊಬ್ಬರೇ ಅದರ ಕೆಳಗೆ ಕೈಮುಗಿದ ಚಿತ್ರ ಹಾಕಿದರು. ನಾನೂ ಹಾಕಿದೆ. ಆಮೇಲೆ ಅವರು ಅಂಗಡಿಗೆ ಬರುವುದನ್ನು ಬಿಟ್ಟರು. ಪೇಟೆಯಲ್ಲಿ ಸಿಕ್ಕಿದಾಗ ಕಾರಣ ಕೇಳಿದೆ. "ನಿನಗೆ ಯಾಕೆ ತೊಂದರೆ? ನಾಲ್ಕು ಜನ ಹತ್ತಿ ಇಳಿಯುವ ಮೆಟ್ಲು" ಎಂದರು. ಅವತ್ತು ಹಾಕಿದ್ದ ಅಂಗಿಯ ಕಾಲರಿನಲ್ಲಿ ನೂಲು ನೇತಾಡುತ್ತಿತ್ತು.

ಈ ಸಲದ ಚುನಾವಣೆ ಬಂತು. ಆರು ವರ್ಷ ಇನ್ನೂ ತುಂಬಿರಲಿಲ್ಲ. ಆದರೆ ಗುಡ್ಡದ ಬದಿಯ ಬೂತುಗಳಲ್ಲಿ ನಮ್ಮವರ ಕೈ ಸಡಿಲವಾಗಿದೆ ಎಂದು ಮೇಲಿನವರಿಗೆ ಹೆದರಿಕೆ. ಅಣ್ಣನನ್ನು ವಾಪಸು ಕರೆದು ಪ್ರಚಾರಕ್ಕೆ ಇಳಿಸುವ ಎಂದು ಕೆಲವರು, ಬೇಡವೇ ಬೇಡ ಎಂದು ಕೆಲವರು. ಕೊನೆಗೆ, ಮೊದಲು ಅವರ ಸ್ವಂತ ಬೂತಿನ ಮತದಾರರ ಅಭಿಪ್ರಾಯ ತೆಗೆದುಕೊಳ್ಳುವ, ಅಲ್ಲಿ ಸರಿ ಎಂದರೆ ಎಲ್ಲ ಕಡೆ ಸರಿ ಎಂದು ತೀರ್ಮಾನ ಆಯಿತು. ಅಣ್ಣ ಒಪ್ಪಿದರು. ಒಪ್ಪಿದ್ದು ಮಾತ್ರವಲ್ಲ, ಸಂತೋಷಪಟ್ಟರಂತೆ: "ಜನ ಬೇಡ ಅಂದ್ರೆ ನನಗೂ ಬೇಡ."

ನನ್ನ ಮೂವತ್ತೊಂದು ಮನೆಗೆ ನಾನೇ ಹೋಗಬೇಕು. ಅಚ್ಚು ಹಾಕಿಸಿದ ಕಾಗದದಲ್ಲಿ ಮೂರು ಕಾಲಂ: ಬರಲಿ, ಬೇಡ, ಹೇಳಲಾರೆ. ಕೆಳಗೆ ವಿಶೇಷ ಅಭಿಪ್ರಾಯ ಎಂದು ಎರಡು ಗೆರೆ.

ದೇಜಪ್ಪಣ್ಣ ಕೇಳಿದ ಕೂಡಲೇ ಸಿಡಿದರು. "ಅವ ಬರ್ಬೇಕಾ ಬೇಡ್ವಾ ಅಂತ ನೀನು ಬಂದು ನನ್ನನ್ನು ಕೇಳುದಾ? ಹೊರಗೆ ಹಾಕುವಾಗ ಕೇಳಿದ್ರಾ? ಬರ್ಲಿ ಅಂತ ಬರಿ. ಬಂದ ಮೇಲೆ ನನಗೆ ಅವನಿಗೆ ಬೈಲಿಕ್ಕುಂಟು, ಅದನ್ನೂ ಬರಿ." ರಬ್ಬರ್ ಟ್ಯಾಪಿಂಗ್ ಮುಗಿಸಿ ಬಂದ ಒಬ್ಬರು, "ಅವ್ರಿಲ್ಲದೆ ನಿಮ್ಮ ಪ್ರಚಾರ ಉಪ್ಪಿಲ್ಲದ ಗಂಜಿ" ಎಂದರು. ಹೀಗೆ ಗಂಡಸರು ಸಿಕ್ಕಿದ ಹತ್ತೊಂಬತ್ತು ಮನೆಗಳಲ್ಲಿ ಹದಿನೇಳು ಬರಲಿ. ಎರಡು ಕಡೆ, ಅದು ನಿಮ್ಮ ಪಕ್ಷದ ವಿಷಯ, ನಮಗೆಂತಕ್ಕೆ ಎಂದರು.

ಉಳಿದ ಹನ್ನೆರಡು ಮನೆಗಳಲ್ಲಿ ಹೆಂಗಸರು ಮಾತ್ರ ಇದ್ದರು. ಬೀಡಿ ಕಟ್ಟುತ್ತಲೋ, ಬಟ್ಟೆ ಒಗೆಯುತ್ತಲೋ ಮಾತಾಡಿದರು. ಒಬ್ಬರೂ ಬೇಡ ಎನ್ನಲಿಲ್ಲ. "ನನ್ನ ಬಾಣಂತನಕ್ಕೆ ಮಧ್ಯಾಹ್ನದ ಬಿಸಿಲಲ್ಲಿ ಜೀಪು ತಂದವ್ರು ಅವ್ರು" ಎಂದಳು ಒಬ್ಬಳು. "ಬರ್ಲಿ ಅಕ್ಕ, ಆದ್ರೂ ಇವ್ರ ಹತ್ರ ಒಂದು ಮಾತು ಕೇಳಿ" ಎಂದು ಹೆಚ್ಚಿನವರು ಕೊನೆಗೆ ಸೇರಿಸಿದರು. ಗಂಡಸಿನ ಹೆಸರು ಹೇಳಿ ಮಾತು ಮುಗಿಸುವುದು ನಮ್ಮಲ್ಲಿ ಮರ್ಯಾದೆಯ ಕ್ರಮ. ಅದಕ್ಕೆ ಬೇರೆ ಅರ್ಥವಿಲ್ಲ. ಎಪ್ಪತ್ತು ದಾಟಿದ ಕಮಲಕ್ಕ ಮಾತ್ರ ಸ್ವಲ್ಪ ಗೊಣಗಿದರು. "ತೋಡಿಗೆ ಕಾಲುಸಂಕ ಮಾಡಿಸ್ತೇನೆ ಅಂತ ಹೇಳಿ ಮೂರು ಮಳೆಗಾಲ ನನ್ನನ್ನು ನೀರಲ್ಲಿ ನಡೆಸಿದ್ರು. ಮಾಡಿಸಿದ್ರು, ಇಲ್ಲ ಅಂತ ಹೇಳುದಿಲ್ಲ. ತಡ ಆಯ್ತು. ಬರ್ಲಿ ಬರ್ಲಿ, ಅವ್ರಲ್ಲದೆ ಇನ್ಯಾರು ಬರುದು?"

ಆ ಸಂಜೆ ಬೂತ್ ಅಧ್ಯಕ್ಷ ಸುಧಾಕರ ಅಂಗಡಿಗೆ ಬಂದ. ನನಗಿಂತ ಹದಿನೈದು ವರ್ಷ ಸಣ್ಣವ. ಅಣ್ಣ ಹೊರಗೆ ಹೋದದ್ದರಿಂದಲೇ ಅಧ್ಯಕ್ಷನಾದವ. ಕಾಗದ ಎತ್ತಿ ನೋಡಿದ. ಹನ್ನೆರಡು ಮನೆಯ ಎದುರು ನಾನು ಇನ್ನೂ ಗುರುತು ಹಾಕಿರಲಿಲ್ಲ.

"ಗಂಡಸ್ರು ಹೇಳದೆ ಬರಲಿ ಅಂತ ಹೇಗೆ ಹಾಕುದು ಅಕ್ಕ? ಹೇಳಲಾರೆಗೆ ಹಾಕಿ. ಯಾವಾಗ್ಲೂ ಹಾಗೆಯೇ ಅಲ್ವಾ?"

ಅದು ಹೌದು. ನಮ್ಮ ಬೂತಿನಲ್ಲಿ ಮನೆಯ ಯಜಮಾನ ಸಿಗದಿದ್ದರೆ ಆ ಮನೆಯನ್ನು ಬಾಕಿ ಇಡುವುದೇ ಕ್ರಮ. ಆದರೆ ಮರುದಿನ ಪುನಃ ಹೋಗಿ ಕೇಳುವುದೂ ಕ್ರಮ. ಅದನ್ನು ಅವ ಹೇಳಲಿಲ್ಲ, ನಾನೂ ಹೇಳಲಿಲ್ಲ.

"ಮತ್ತೆ ಹೇಳಲಾರೆ ಅಂದ್ರೆ ಎಂತ ಅಂತ ಮೇಲಿನವ್ರಿಗೆ ಗೊತ್ತುಂಟು. ನಮ್ಮವ್ರು ಯಾರಾದ್ರೂ ಮುಖಕ್ಕೆ ಹೊಡೆದ ಹಾಗೆ ಬೇಡ ಅಂತಾರಾ?" ಎಂದ. ಮೆಷಿನಿನ ಮೇಲೆ ಕೈಯಿಟ್ಟು ಸ್ವರ ಇಳಿಸಿದ. "ಪಂಚಾಯತಿಗೆ ಹೆಂಗಸ್ರ ಸೀಟು ಪುನಃ ಬರ್ತದೆ. ಅವ್ರು ವಾಪಸು ಬಂದ್ರೆ ನಿಮ್ಮನ್ನು ಪುನಃ ಕೆಲಸಕ್ಕೆ ಬಂಗಾರ ಅಂತ ಹೇಳಿ ಬದಿಗೆ ಕೂರಿಸ್ತಾರೆ, ಅಷ್ಟೇ. ಈ ಸಲ ಪಟ್ಟಿಯಲ್ಲಿ ಮೊದಲು ನಿಮ್ಮ ಹೆಸರು ಉಂಟು."

ಅವ ಇಳಿದು ಹೋದ ಮೇಲೆ ಹನ್ನೆರಡು ಮನೆಗೂ ಹೇಳಲಾರೆ ಎಂದು ಗುರುತು ಹಾಕಿದೆ. ಗಂಡಸರಿಲ್ಲದ ಮನೆಯ ಮಾತು ಮಾತೇ ಅಲ್ಲ ಎಂದು ನಿರ್ಧಾರ ಮಾಡಿದವಳು ಒಬ್ಬ ಹೆಂಗಸು. ನಾಳೆ ಹೆಂಗಸರ ಸೀಟಿನಲ್ಲಿ ಕೂರಬೇಕೆಂದಿದ್ದವಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ಕೆಳಗಿನ ಎರಡು ಗೆರೆ ಖಾಲಿ ಇತ್ತು. ಅಲ್ಲಿ ಅವರ ಹೆಸರು ಬರೆದು, "ಇವರ ಬಗ್ಗೆ ಮಹಿಳೆಯರಲ್ಲಿ ಅಸಮಾಧಾನ ಉಂಟು" ಎಂದು ಸೇರಿಸಿದೆ. ಅದನ್ನು ಬರೆಯಲು ಸುಧಾಕರ ಹೇಳಿರಲಿಲ್ಲ. ಬರೆಯುವಾಗ ಕಮಲಕ್ಕನ ಗೊಣಗಾಟ ನನ್ನ ಕಿವಿಯಲ್ಲಿತ್ತು. ಅದನ್ನು ಹಿಡಿದುಕೊಂಡು, ನಾನು ಸುಳ್ಳು ಬರೆದಿಲ್ಲ ಎಂದು ನನಗೇ ಹೇಳಿಕೊಂಡೆ.

ಬಿ.ಸಿ.ರೋಡಿನ ಪಕ್ಷದ ಕಚೇರಿಯಲ್ಲಿ ಮೇಲಿನವರು ಕಾಗದ ಓದಿದರು. ನಾನು ಹಿಂದಿನ ಸಾಲಿನಲ್ಲಿದ್ದೆ. "ಸ್ವಂತ ಬೂತಿನಲ್ಲೇ ಹದಿನಾಲ್ಕು ಮನೆ ಬಾಯಿ ಬಿಡುದಿಲ್ಲ. ಹೆಂಗಸ್ರಿಗೆ ಅಸಮಾಧಾನ. ಓಟಿನ ಸಮಯದಲ್ಲಿ ಇದೆಲ್ಲ ಬೇಡ" ಎಂದರು. ಅಷ್ಟರಲ್ಲೇ ಮುಗಿಯಿತು. ಅಣ್ಣ ಕೆಳಗೆ ಹೋಟೆಲಿನ ಬೆಂಚಿನಲ್ಲಿ ಕಾಯುತ್ತಿದ್ದರು. ಇಬ್ಬರು ಹೋಗಿ ಹೇಳಿದರು. ಅವರು ಕನ್ನಡಕ ತೆಗೆದು ಒರೆಸುವುದು ಕಿಟಕಿಯಿಂದ ಕಾಣುತ್ತಿತ್ತು. ಹಾಕಿಕೊಂಡರು, ಪುನಃ ತೆಗೆದು ಒರೆಸಿದರು. ಯಾರೂ ಅವರನ್ನು ಬೈಯುತ್ತಿರಲಿಲ್ಲ.

ಮೂರನೇ ದಿನ ಅಂಗಡಿಗೆ ಬಂದರು. ಎಷ್ಟೋ ವರ್ಷದ ನಂತರ ಆ ಮೆಟ್ಟಿಲು ಹತ್ತಿದ್ದರಿಂದಲೋ ಏನೋ, ಏದುಸಿರು. ಕೈಯಲ್ಲಿ ಚೀಲ ಇರಲಿಲ್ಲ.

"ತಂಗಿ, ನೀನೇ ಮನೆಮನೆಗೆ ಹೋದದ್ದಂತೆ. ನನಗೆ ಬೇಸರ ಇಲ್ಲ. ಯಾವ ಮನೆಯವ್ರು ಬೇಡ ಅಂದದ್ದು, ಅದೊಂದು ಹೇಳು."

"ಎಂತಕ್ಕೆ ಅಣ್ಣ ಈಗ?"

"ಹೋಗ್ಬೇಕಲ್ಲ. ಯಾವ ಹೆಂಗಸಿಗೆ ಎಂತ ನೋವು ಮಾಡಿದ್ದೇನೋ, ನನಗೆ ನೆನಪಾಗುದಿಲ್ಲ. ಎರಡು ದಿನದಿಂದ ಅದೇ ಯೋಚನೆ. ಪಕ್ಷದ್ದು ಬಿಡು. ಹೋಗಿ ತಪ್ಪಾಯ್ತು ಅಂತ ಹೇಳಿ ಬರ್ತೇನೆ."

ಆಗ ಹೇಳಬಹುದಿತ್ತು. ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಓಟಿಗೆ ಇನ್ನೂ ಎರಡು ವಾರ ಇತ್ತು. ಒಂದು ಫೋನ್ ಮಾಡಿ, ನಾನು ತಪ್ಪು ಬರೆದೆ ಎಂದಿದ್ದರೆ ಎಲ್ಲ ಸರಿಯಾಗುತ್ತಿತ್ತೇನೋ. ನಾನು ಬೊಬ್ಬಿನ್ನಿಗೆ ನೂಲು ಸುತ್ತುತ್ತಾ, "ಕಮಲಕ್ಕ ಸ್ವಲ್ಪ... ಆ ಕಾಲುಸಂಕದ್ದು" ಎಂದೆ.

"ಹೌದಾ. ಕಮಲಕ್ಕ. ಹೌದು, ತಡ ಮಾಡಿದೆ" ಎಂದರು. ಅವರ ಮುಖದಲ್ಲಿ ಸ್ವಲ್ಪ ಸಮಾಧಾನ ಬಂದದ್ದನ್ನು ನೋಡಿದೆ. "ಮತ್ತೆ ಯಾರು?" ಎಂದು ಕಾದರು. ನಾನು ನೂಲು ಸುತ್ತುತ್ತಲೇ ಇದ್ದೆ. ಹೆಸರು ಹೇಳಲು ನನಗೆ ಸಂಕೋಚ ಎಂದು ತಿಳಿದುಕೊಂಡು, "ಆಯ್ತು, ಒತ್ತಾಯ ಇಲ್ಲ" ಎಂದು ಇಳಿದು ಹೋದರು.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಕಮಲಕ್ಕ ಮೆಟ್ಟಿಲಿನಲ್ಲಿ ಕುಳಿತಿದ್ದರು.

"ಎಂತ ಹೇಳಿದ್ದಿ ನೀನು ಅವ್ರ ಹತ್ರ? ನಿನ್ನೆ ಬಂದು ಅಂಗಳದಲ್ಲಿ ನಿಂತು ನನಗೆ ಕೈ ಮುಗೀತಾರೆ. ತಪ್ಪಾಯ್ತು ಕಮಲಕ್ಕ ಅಂತಾರೆ. ನನ್ನ ಮನೆಯವ್ರು ತೀರಿಹೋದ ದಿನ ಹೆಣಕ್ಕೆ ಹೆಗಲು ಕೊಟ್ಟವ್ರು ಅವ್ರು. ಅವ್ರು ನನಗೆ ಕೈ ಮುಗಿಯುದಾ? ನಾನು ಬೇಡ ಅಂದೆನಾ? ಹೇಳು, ಅಂದೆನಾ?"

"ಇಲ್ಲ ಕಮಲಕ್ಕ."

"ಮತ್ತೆ?"

ನಾನು ಬೀಗಕ್ಕೆ ಕೀಲಿ ಹಾಕಿ ಬಾಗಿಲು ತೆಗೆದೆ. ಅವರು ನನ್ನ ಹಿಂದೆಯೇ ಒಳಗೆ ಬಂದರು. ಹೊಲಿಯಲು ಕೊಟ್ಟಿದ್ದ ರವಿಕೆ ಕಣವನ್ನು ಹೊಲಿಯದೆಯೇ ವಾಪಸು ತೆಗೆದುಕೊಂಡು ಹೋದರು.

ಆ ಮೇಲೆ ಅಣ್ಣ ನಮ್ಮ ಬದಿಗೆ ಬರುವುದನ್ನೇ ನಿಲ್ಲಿಸಿದರು. ಯಾರಿಗೆ ತನ್ನನ್ನು ಕಂಡರೆ ಆಗುವುದಿಲ್ಲವೆಂದು ಗೊತ್ತಿಲ್ಲದ ಕಾರಣ ಎಲ್ಲರಿಂದಲೂ ದೂರ ನಿಂತರು. ಮದುವೆಗೆ ಬಂದರೆ ವಧೂವರರನ್ನು ಹರಸಿ, ಊಟಕ್ಕೆ ನಿಲ್ಲದೆ ಹೋಗುತ್ತಿದ್ದರು. ನಮ್ಮ ಬದಿಯ ಬಸ್ಸು ಹತ್ತುತ್ತಿರಲಿಲ್ಲ. ಸುತ್ತಿನ ದಾರಿಯ ಬಸ್ಸಿಗೆ ಕಾಯುತ್ತಿದ್ದರು. ಪ್ರಚಾರದ ಕೊನೆಯ ವಾರ ಅಳದಂಗಡಿಯಲ್ಲಿ ತಂಗಿಯ ಮನೆಯಲ್ಲಿದ್ದು, ಯಾರೂ ಹೇಳದಿದ್ದರೂ ಅಲ್ಲಿಯ ಮನೆಗಳಿಗೆ ಒಬ್ಬರೇ ಹೋಗಿ ನಮ್ಮ ಪಕ್ಷಕ್ಕೇ ಓಟು ಕೇಳಿದರು ಎಂದು ಆಮೇಲೆ ತಿಳಿಯಿತು. ಪಂಚಾಯತಿನ ಪಟ್ಟಿಯಲ್ಲಿ ಮೊದಲ ಹೆಸರು ಈಗ ಸುಧಾಕರನ ನಾದಿನಿಯದ್ದು. ನಾನು ಕೇಳಲು ಹೋಗಲಿಲ್ಲ.

ಅಣ್ಣ ಕಾಯಿಲೆ ಬಿದ್ದು ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದರು. ನಾನು ಒಂದು ದಿನ ಕಿತ್ತಳೆ ಹಿಡಿದುಕೊಂಡು ಹೋದೆ. ವಾರ್ಡಿನ ಬಾಗಿಲ ತನಕ ಹೋಗಿ, ಹೊರಗಿನ ಬೆಂಚಿನಲ್ಲಿದ್ದ ಯಾರದ್ದೋ ಮಗುವಿಗೆ ಕಿತ್ತಳೆ ಕೊಟ್ಟು ಬಂದೆ.

ಅವರು ತೀರಿಕೊಂಡ ಎಂಟನೇ ದಿನ ಅತ್ತಿಗೆ, ಅಂದರೆ ಅವರ ಹೆಂಡತಿ, ಅಂಗಡಿಗೆ ಬಂದರು. ಚೀಲದಲ್ಲಿ ಉತ್ತರಕ್ರಿಯೆಗೆ ಕರೆಯುವ ಕಾಗದಗಳು.

"ಎಲ್ಲಾ ಕಡೆ ಹೇಳಿಕೆ ಆಯ್ತು ತಂಗಿ. ನಿಮ್ಮ ಬದಿ ಮಾತ್ರ ಬಾಕಿ. ಅವ್ರು ಆಸ್ಪತ್ರೆಯಲ್ಲಿ ಹೇಳಿದ್ರು, ಬೇಡ ಅಂದ ಮನೆಯವ್ರನ್ನು ಮೊದ್ಲು ಕರೀಬೇಕು, ನಾನಿಲ್ಲದ ಮೇಲಾದ್ರೂ ಬಂದು ಉಂಡು ಹೋಗ್ಲಿ ಅಂತ. ಯಾವ ಮನೆ ಅಂತ ನಿನಗೆ ಗೊತ್ತುಂಟಂತೆ." ಕಾಗದದ ಕಟ್ಟು ಹೊರಗೆ ತೆಗೆಯುತ್ತಾ, "ನಿನ್ನ ಮೇಲೆ ಅವ್ರಿಗೆ ಬೇಸರ ಇರ್ಲಿಲ್ಲ. ಬೇರೆಯವ್ರಾಗಿದ್ರೆ ನನ್ನ ಮುಖ ನೋಡಿ ಚೆಂದ ಮಾಡಿ ಬರೀತಿದ್ರು, ಅವಳು ಇದ್ದದ್ದನ್ನು ಇದ್ದ ಹಾಗೆ ಬರೆದ್ಲು ಅಂತ ಹೇಳ್ತಿದ್ರು" ಎಂದರು.

ಮೆಷಿನಿನ ಮೇಲೆ ಅರ್ಧ ಹೊಲಿದ ಯೂನಿಫಾರ್ಮ್ ಇತ್ತು. ಅದನ್ನು ಬದಿಗಿಟ್ಟೆ.

"ಅತ್ತಿಗೆ, ಅಂಥ ಮನೆ ಇಲ್ಲ."

ಎಲ್ಲ ಹೇಳಿದೆ. ಹನ್ನೆರಡು ಮನೆ, ಎರಡು ಗೆರೆ, ಸೀಟು, ಎಲ್ಲ. ಅವರು ಕಾಗದದ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು. ಬೈಯಲಿಲ್ಲ.

"ಒಂದೂ ಇಲ್ವಾ?"

"ಇಲ್ಲ."

"ಕಮಲಕ್ಕ?"

"ಅವ್ರೂ ಬರ್ಲಿ ಅಂದವ್ರೇ."

"ಅವ್ರಿಗೆ ಇದು ಗೊತ್ತಾಗ್ಲೇ ಇಲ್ಲ" ಎಂದರು ಅತ್ತಿಗೆ, ನನಗೆ ಹೇಳಿದ ಹಾಗಿರಲಿಲ್ಲ. ಆಮೇಲೆ ಬೆರಳಿಗೆ ಎಂಜಲು ಮುಟ್ಟಿಸಿ ಮೂವತ್ತೊಂದು ಕಾಗದ ಎಣಿಸಿ ಮೆಷಿನಿನ ಮೇಲಿಟ್ಟರು. "ನೀನೇ ಹೋಗು. ಪ್ರತಿ ಮನೆಯಲ್ಲೂ ಕಾಗದ ಕೊಡು, ನೀನು ಬರೆದದ್ದನ್ನೂ ಹೇಳು. ಅವ್ರು ನಿಮ್ಮ ಬದಿ ಬಿಟ್ಟು ದೂರ ಕೂತದ್ದು ಯಾಕೆ ಅಂತ ಆ ಜನಕ್ಕೆ ಗೊತ್ತಾಗ್ಬೇಕು."

ಹೋದೆ. ಕಮಲಕ್ಕನ ಮನೆಯಲ್ಲಿ ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು. ದೇಜಪ್ಪಣ್ಣನಿಗೆ ಹೇಳಿದೆ. ಕಾಗದ ತೆಗೆದುಕೊಂಡು ಒಳಗೆ ಹೋದರು. ನಾನು ಅವರ ಬೈಗುಳಕ್ಕೆ ಕಾಯುತ್ತಾ ಅಂಗಳದಲ್ಲಿ ನಿಂತು ನಿಂತು ವಾಪಸು ಬಂದೆ. ಬಾಣಂತನಕ್ಕೆ ಜೀಪು ತಂದದ್ದನ್ನು ಹೇಳಿದವಳು, "ನಾನು ಹೇಳಿದ್ದು ನಿನಗೆ ಕೇಳ್ಲಿಲ್ವಾ ಅಕ್ಕ?" ಎಂದಳು. ಒಂಬತ್ತು ಮನೆಯಲ್ಲಿ ಹೇಳಿದೆ. ಹತ್ತನೆಯದರಲ್ಲಿ ಚಾಪೆ ಹಾಸಿ ಕೂರಿಸಿದರು, ಅಣ್ಣನ ಒಳ್ಳೆಯತನದ ಮಾತು ತೆಗೆದು ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ. ಅಲ್ಲಿ ಬರೆದದ್ದನ್ನು ಹೇಳಲು ಬಾಯಿ ಬರಲಿಲ್ಲ. ಉಳಿದ ಎಲ್ಲ ಮನೆಗಳಲ್ಲಿ ಕಾಗದ ಮಾತ್ರ ಕೊಟ್ಟೆ.

ಉತ್ತರಕ್ರಿಯೆಗೆ ಮೂವತ್ತೊಂದು ಮನೆಯವರೂ ಬಂದರು. ಚಪ್ಪರದಲ್ಲಿ ಜಾಗ ಸಾಲದೆ ಗದ್ದೆಯಲ್ಲಿ ಕುರ್ಚಿ ಹಾಕಿದ್ದರು. ಪಕ್ಷದವರು ಒಬ್ಬರ ಹಿಂದೆ ಒಬ್ಬರು ಅವರ ಬಗ್ಗೆ ಮಾತಾಡಿದರು. ಊಟಕ್ಕೆ ಕರೆಯುವ ಹೊತ್ತಿಗೆ ಅತ್ತಿಗೆ ಜನರ ನಡುವೆ ನನ್ನನ್ನು ಹುಡುಕಿಕೊಂಡು ಬಂದರು.

"ಎಲ್ಲಾ ಮನೆಯಲ್ಲೂ ಹೇಳಿದ್ಯಾ, ಬರೆದದ್ದನ್ನು?"

ಹತ್ತನೇ ಮನೆಯವರು ಪಕ್ಕದಲ್ಲೇ ನಿಂತು ಕೈ ತೊಳೆಯುತ್ತಿದ್ದರು.

"ಹೇಳಿದೆ ಅತ್ತಿಗೆ" ಎಂದೆ.

ಅವರು ನನ್ನ ಭುಜ ಮುಟ್ಟಿದರು. "ಆಯ್ತು. ಇನ್ನು ಊಟ ಮಾಡಿ ಹೋಗು" ಎಂದರು.

ನಾನು ಪಂಕ್ತಿಯಲ್ಲಿ ಕುಳಿತೆ. ಬಡಿಸಿದ್ದನ್ನೆಲ್ಲ ಉಂಡೆ.